ಕೆಂಪು ಚುಕ್ಕೆಯ ತಟ್ಟೆ

ಮೊಸರನ್ನದ ಡಬ್ಬಿಯನ್ನು ಚೀಲದ ತಳಕ್ಕಿಟ್ಟು, ಅದರ ಮೇಲೆ ಮಡಿಸಿದ ಟವೆಲು, ಟವೆಲಿನ ಮೇಲೆ ಬಿಪಿ ಮಾತ್ರೆಯ ಪೆಟ್ಟಿಗೆ, ಅದರ ಮೇಲೆ ಶಾಲು, ಇಷ್ಟನ್ನೂ ಹೇರಿದ ಮೇಲೂ ಭಾಗೀರಥಮ್ಮನಿಗೆ ಒಗ್ಗರಣೆಯ ವಾಸನೆ ಹೊರಗೆ ಬರುತ್ತಿದೆ ಎಂದೇ ಅನ್ನಿಸುತ್ತಿತ್ತು. ಎಪ್ಪತ್ತೊಂದು ವರ್ಷದ ಹೆಂಗಸು, ಪ್ರೀತಿಯಿಂದ ಊಟಕ್ಕೆ ಕರೆದವರ ಜೊತೆ ಹೊರಟು ನಿಂತು, ತನ್ನ ಊಟವನ್ನು ತಾನೇ ಕದ್ದು ಒಯ್ಯುವುದು. ಬಾಗಿಲ ಬಳಿ ಬಂದ ಸೊಸೆ ನಿಖಿತಾ ಚೀಲದ ಹೊಟ್ಟೆಯನ್ನು ನೋಡಿದಳು, ಅತ್ತೆಯ ಮುಖವನ್ನು ನೋಡಿದಳು. "ಅತ್ತೆ, ಅಲ್ಲಿ ವೆಜ್ ಸಿಗತ್ತಂತೆ. ಒಲಿಂಡಾ ಆಂಟಿ ಎರಡು ಸಲ ಫೋನ್ ಮಾಡಿ ಕೇಳಿದಾರೆ," ಎಂದಳು. "ಮಾತ್ರೆ ನುಂಗಕ್ಕೆ ಹೊಟ್ಟೇಲಿ ಏನಾದ್ರೂ ಇರ್ಬೇಕಲ್ಲಮ್ಮ, ದಾರಿ ದೂರ," ಎಂದಳು ಭಾಗೀರಥಮ್ಮ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಗಾಬರಿಯಾಯಿತು. ಕೆಳಗೆ ಕಾರಿನ ಹಾರನ್ನು ಒಮ್ಮೆ ಮೆಲ್ಲಗೆ, ಕೆಮ್ಮಿದ ಹಾಗೆ, ಕೇಳಿಸಿತು.

ಮಂಗಳವಾರ ವಿಮಾನ. ಇಲ್ಲಿರಲು ಬೇಕಾದ ಇಕಾಮಾ ಪರವಾನಗಿಯ ಅವಧಿ ಈ ತಿಂಗಳಿಗೆ ಮುಗಿಯುತ್ತದೆ, ಮತ್ತೆ ಮಾಡಿಸುವುದು ಬೇಡ, ಮೈಸೂರಿನಲ್ಲಿ ತಂಗಿಯ ಜೊತೆ ಇರುತ್ತೇನೆ ಎಂದು ಅವಳೇ ಹಟ ಹಿಡಿದು ಹೇಳಿದ್ದಳು. ಈ ಕೊಲ್ಲಿ ದೇಶದ ಊರು, ನಲವತ್ತು ವರ್ಷದ ಫಹಾಹೀಲು, ಎರಡು ಸೂಟ್‌ಕೇಸಿನಲ್ಲಿ ಹಿಡಿಯಿತು. ಎಲ್ಲರಿಗೂ ಹೋಗಿಬರ್ತೀನಿ ಎಂದು ಹೇಳಿ ಆಗಿತ್ತು, ಕೆಳಗಿನ ಬಕಾಲ ಅಂಗಡಿಯವನಿಗೂ. ಉಳಿದದ್ದು ಹತ್ತೊಂಬತ್ತು ವರ್ಷ ಮನೆಗೆಲಸಕ್ಕಿದ್ದ ಒಲಿಂಡಾ ಒಬ್ಬಳು. ಅವಳಿಗೆ ಹೇಳಬೇಕಾದದ್ದು ಬರೀ ಹೋಗಿಬರ್ತೀನಿ ಅಲ್ಲ. ಅದನ್ನು ಹೇಗೆ ಹೇಳಬೇಕು ಎಂದು ಭಾಗೀರಥಮ್ಮ ಒಂದು ವಾರದಿಂದ ಬಟ್ಟೆ ಮಡಿಸುತ್ತ, ಔಷಧಿ ಎಣಿಸುತ್ತ, ಸ್ನಾನದ ಮನೆಯಲ್ಲಿ ಬಕೆಟ್ಟಿಗೆ ನೀರು ಬಿಟ್ಟುಕೊಂಡು ಅಭ್ಯಾಸ ಮಾಡಿದ್ದಳು. ಒಲಿಂಡಾ, ನಿನ್ನ ಉಪಕಾರ. ಅದು ಸಭೆಯ ಭಾಷಣದ ಹಾಗಾಯಿತು. ಒಲಿಂಡಾ, ನನ್ನಿಂದ ತಪ್ಪಾಗಿದೆ. ಯಾವ ತಪ್ಪು ಎಂದು ಅವಳು ಕೇಳಿದರೆ? ಅಡುಗೆಮನೆಯ ಸಿಂಕಿನ ಕೆಳಗಿನ ಕಪಾಟು ಎನ್ನಬೇಕೆ? ಅದರಲ್ಲಿ ಆಗೆಲ್ಲ ಫಿನಾಯಿಲು, ನೆಲ ಒರೆಸುವ ಬಟ್ಟೆ, ಅವುಗಳ ಪಕ್ಕದಲ್ಲಿ ಒಲಿಂಡಾಳಿಗೆಂದೇ ಬೋರಲು ಹಾಕಿದ ಒಂದು ಸ್ಟೀಲ್ ತಟ್ಟೆ, ಒಂದು ಲೋಟ. ತಟ್ಟೆಯ ತಳದಲ್ಲಿ ಉಗುರಿನ ಬಣ್ಣದಲ್ಲಿ ಇಟ್ಟ ಒಂದು ಕೆಂಪು ಚುಕ್ಕೆ. ಆ ಬಣ್ಣದ ಶೀಶೆಯನ್ನು ಪಕ್ಕದ ಮನೆಯ ಇಸಾಬೆಲ್ ಕ್ರಿಸ್‌ಮಸ್ಸಿಗೆ ಕೊಟ್ಟದ್ದು. ಭಾಗೀರಥಮ್ಮ ಜನ್ಮದಲ್ಲಿ ಉಗುರಿಗೆ ಬಣ್ಣ ಹಚ್ಚಿದವಳಲ್ಲ. ಇಡೀ ಶೀಶೆ ಉಪಯೋಗಕ್ಕೆ ಬಂದದ್ದು ಆ ಒಂದು ಚುಕ್ಕೆಗೆ.

ಕಾರಿನ ಮುಂದಿನ ಬಾಗಿಲು ತೆರೆದು ಹಿಡಿದು ಒಲಿಂಡಾ ನಿಂತಿದ್ದಳು. ಇಸ್ತ್ರಿ ಹಾಕಿದ ನೀಲಿ ಚೂಡಿದಾರ, ಕೊರಳಲ್ಲಿ ಸಣ್ಣ ಶಿಲುಬೆ, ಹೆಗಲಿಗೆ ದೊಡ್ಡದೊಂದು ಬಟ್ಟೆಯ ಚೀಲ. "ಮುಂದೆ ಕೂತ್ಕೊಳ್ಳಿ ಅಮ್ಮ. ಹಿಂದೆ ಕೂತ್ರೆ ನಿಮಗೆ ತಲೆ ತಿರುಗುದು, ನನಗೆ ಗೊತ್ತುಂಟು." ಚಾಲಕನ ಜಾಗದಲ್ಲಿದ್ದ ಅವಳ ಅಳಿಯ ಜೋಯಲ್ ಕೈ ಮುಗಿದ. "ಶರ್ಲಿನ್‌ಗೆ ಡ್ಯೂಟಿ ಆಂಟಿ, ಇವತ್ತು ಬರ್ಲಿಕ್ಕೆ ಆಗ್ಲಿಲ್ಲ. ಬೈದುಕೊಂಡೇ ಆಸ್ಪತ್ರೆಗೆ ಹೋದ್ಲು." ಭಾಗೀರಥಮ್ಮ ಮುಂದೆ ಕೂತು ಚೀಲವನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡಳು. ಬೆನ್ನ ಹಿಂದೆ ಒಲಿಂಡಾ ಕೂತದ್ದು, ಉಸ್ಸೆಂದದ್ದು, ಬೆಲ್ಟಿಗಾಗಿ ತಡಕಾಡಿದ್ದು ಕೇಳಿಸಿತು. ಮುಖ ಕಾಣಿಸದವರಿಗೆ ಮಾತು ಹೇಳುವುದು ಸುಲಭವೋ ಕಷ್ಟವೋ. ಭಾಗೀರಥಮ್ಮನ ಮನೆಯ ಹಳೆಯ ಕಾರಿನಲ್ಲೂ ಒಲಿಂಡಾ ಹಿಂದೆಯೇ ಕೂರುತ್ತಿದ್ದದ್ದು, ತೊಡೆಯ ಮೇಲೆ ಆ ಮನೆಯ ಮಗ ಧನಂಜಯ, ನಾಲ್ಕು ವರ್ಷದವನು, ಅವಳ ಶಿಲುಬೆಯನ್ನು ಬಾಯಿಗೆ ಹಾಕಿಕೊಂಡು ಚೀಪುತ್ತ. ಆಗ ಶರ್ಲಿನ್ ಎಂಬ ಅವಳ ಸ್ವಂತ ಮಗು ಕಾರ್ಕಳದಲ್ಲಿ ಅಜ್ಜಿಯ ಹತ್ತಿರ ಅಆಇಈ ಕಲಿಯುತ್ತಿತ್ತು. ಆ ಮಗುವಿನ ಹುಟ್ಟಿದ ಹಬ್ಬ ಯಾವತ್ತು ಎಂದು ಹತ್ತೊಂಬತ್ತು ವರ್ಷದಲ್ಲಿ ಭಾಗೀರಥಮ್ಮ ಒಮ್ಮೆಯೂ ಕೇಳಿರಲಿಲ್ಲ. ಈಗ ಅದೇ ಮಗುವಿನ ಗಂಡ ಅವಳನ್ನು ಆಂಟಿ ಎಂದು ಕರೆದು ಎಸಿಯ ಗಾಳಿ ಮುಖಕ್ಕೆ ರಾಚದ ಹಾಗೆ ತಿರುಗಿಸುತ್ತಿದ್ದ.

ಶುಐಬಾದ ಕಾರ್ಖಾನೆಗಳ ಚಿಮಣಿಗಳು ಎಡಗಡೆ ಬಂದು ಹಿಂದೆ ಸರಿದವು. "ನಮ್ಮ ಧನು ಇವತ್ತೂ ಅಲ್ಲೇನಾ?" ಎಂದಳು ಹಿಂದಿನಿಂದ ಒಲಿಂಡಾ. "ಅಲ್ಲೇ. ಶಟ್‌ಡೌನ್ ಅಂತೆ, ಶನಿವಾರಾನೂ ರಜೆ ಇಲ್ಲ," ಎಂದಳು ಭಾಗೀರಥಮ್ಮ. "ಊಟ ಮಾಡಿದನಾ ಅಂತ ಒಂದು ಮೆಸೇಜ್ ಹಾಕ್ತೇನೆ, ತಡೀರಿ." ಮೊಬೈಲಿನ ಟಿಕ್ ಟಿಕ್ ಶಬ್ದ. ಹೆತ್ತವಳಿಗೆ ಈ ಹೊತ್ತು ಅದು ಹೊಳೆದಿರಲಿಲ್ಲ. ಹೊಟ್ಟೆಕಿಚ್ಚು ಎಂಬುದು ಇನ್ನೂ ಉಳಿದಿದೆಯಲ್ಲ ನನ್ನಲ್ಲಿ ಎಂದು ಅವಳಿಗೆ ನಗುವೂ ಬಂತು.

ಫೆಬ್ರವರಿಯ ಮರಳುಗಾಡು ಅಲ್ಲಲ್ಲಿ ಹಸಿರಾಗಿತ್ತು, ಗೋಡೆಯ ಪಾಚಿಯಷ್ಟು ಹಸಿರು. ಡೇರೆಗಳು, ಅವುಗಳ ಮುಂದೆ ಕೂತು ಚಹಾ ಕುಡಿಯುವ ಸಂಸಾರಗಳು. ಜೋಯಲ್ ಹೋಗುತ್ತಿರುವ ಹಳೆಯ ಊಟದ ಮನೆಯ ಕಥೆ ಹೇಳುತ್ತಿದ್ದ. ವಫ್ರಾದ ತೋಟಗಳ ಹತ್ತಿರ, ಎಣ್ಣೆ ಸಿಕ್ಕುವುದಕ್ಕೆ ಮೊದಲಿನದಂತೆ, ಮಣ್ಣಿನ ಗೋಡೆ, ಖರ್ಜೂರದ ಮರದ ತೊಲೆ. ಒಂಟೆಯವರು ನಿಂತು ಗಹ್ವಾ ಕಾಫಿ ಕುಡಿದು ಹೋಗುತ್ತಿದ್ದರಂತೆ, ಆಮೇಲೆ ಲಾರಿಯವರು, ಈಗ ನಮ್ಮಂಥವರು. "ನನ್ನ ಕಸಿನ್ ರೂಬೆನ್ ಲಂಡನ್ನಲ್ಲಿದ್ದಾನೆ ಆಂಟಿ. ಹಳ್ಳಿ ಕಡೆ ಹೋಗಿ ನಾನೂರು ವರ್ಷದ ಪಬ್ಬಲ್ಲಿ ಊಟ ಮಾಡಿದೆ ಅಂತ ಗ್ಲಾಸು ಹಿಡ್ಕೊಂಡು ಫೋಟೋ ಹಾಕ್ತಾನೆ ಭಂಡ. ನಾನೂ ಹಾಕ್ತೇನೆ ಇವತ್ತು. ಗ್ಲಾಸು ತುಂಬ ಲಬನ್!"

"ಮಜ್ಜಿಗೆ ಕುಡಿದು ತೂರಾಡ್ಬೇಡ ಮತ್ತೆ. ವಾಪಸು ಗಾಡಿ ಬಿಡ್ಲಿಕ್ಕುಂಟು," ಎಂದಳು ಒಲಿಂಡಾ.

ಭಾಗೀರಥಮ್ಮ ನಕ್ಕಳು. ನಗುವಾಗ ಕಾಲ ಸಂದಿಯ ಚೀಲ ವಾಲಿತು, ಡಬ್ಬಿ ಟಣ್ ಎಂದಿತು. ಯಾರೂ ಏನೂ ಹೇಳಲಿಲ್ಲ. ಹೇಳಲಿಲ್ಲ ಎಂಬುದನ್ನು ಅವಳು ಬಹಳ ಹೊತ್ತು ಕೇಳಿಸಿಕೊಂಡಳು. ಗಂಡ ಹಾಸಿಗೆ ಹಿಡಿದ ಏಳು ತಿಂಗಳೂ ಮನೆಯಲ್ಲಿ ಇಂಥದೇ ಸದ್ದಿಲ್ಲದ ಸದ್ದು. ಲಕ್ಷ್ಮೀನರಸಿಂಹ ಎಂಬ ಅಷ್ಟೆತ್ತರದ ಮನುಷ್ಯ, ಪೈಪುಗಳ ನಕ್ಷೆಯನ್ನು ಕಣ್ಣು ಮುಚ್ಚಿ ಹೇಳುತ್ತಿದ್ದ ಇಂಜಿನಿಯರು, ಮಗ್ಗುಲು ಬದಲಿಸಲು ಇನ್ನೊಬ್ಬರ ಕೈ ಕಾಯುವಂತಾದಾಗ, ಕೆಲಸ ಬಿಟ್ಟು ಆರು ವರ್ಷವಾಗಿದ್ದ ಒಲಿಂಡಾ ಎಗೈಲಾದಿಂದ ಬೆಳಿಗ್ಗೆ ಬಸ್ಸು ಹತ್ತಿ ಬಂದಿದ್ದಳು. ಯಾರೂ ಕರೆದಿರಲಿಲ್ಲ. ಮೈ ಒರೆಸುವುದು, ಬೆಡ್‌ಪ್ಯಾನು, ಗಂಜಿ. ಎಡಗೈಯಿಂದ ಅವರ ತಲೆ ಎತ್ತಿ ಬಲಗೈಯಲ್ಲಿ ಚಮಚ ಹಿಡಿದು, "ಸಾರ್, ಆ ಅನ್ನಿ. ಧನು ಸಣ್ಣದಿರುವಾಗ ಇದಕ್ಕಿಂತ ಜಾಣ ಇದ್ದ," ಎನ್ನುತ್ತಿದ್ದಳು. ಅವರು ಆ ಎನ್ನುತ್ತಿದ್ದರು. ಅದನ್ನು ನೋಡುತ್ತ ಬಾಗಿಲಲ್ಲಿ ನಿಂತ ಭಾಗೀರಥಮ್ಮನ ಕೈಯಲ್ಲಿ ಒಲಿಂಡಾಳಿಗೆ ಎಂದು ಮಾಡಿ ತಂದ ಕಾಫಿ. ಕಾಗದದ ಲೋಟದಲ್ಲಿ. ಕೆಂಪು ಚುಕ್ಕೆಯ ತಟ್ಟೆಯನ್ನೂ ಲೋಟವನ್ನೂ ಒಲಿಂಡಾ ಕೆಲಸ ಬಿಟ್ಟ ದಿನ ಅವಳಿಗೇ ಕೊಟ್ಟು ಕಳಿಸಿ ಆಗಿತ್ತಲ್ಲ, "ತಗೊಂಡ್ಹೋಗೇ, ನಿಂದೇ ಅಲ್ವಾ," ಎಂದು, ಉಡುಗೊರೆಯ ಹಾಗೆ. ನಿಜವಾಗಿ ಅದನ್ನು ಮನೆಯಲ್ಲಿ ಮತ್ತೆ ಯಾರೂ ಮುಟ್ಟುವಂತಿರಲಿಲ್ಲ ಎಂದು. ಒಲಿಂಡಾ ಎರಡೂ ಕೈಯಲ್ಲಿ ತೆಗೆದುಕೊಂಡು ಎದೆಗೆ ಒತ್ತಿಕೊಂಡಿದ್ದಳು. ಆ ಎದೆಗೊತ್ತಿಕೊಂಡದ್ದು ಭಾಗೀರಥಮ್ಮನ ಕಣ್ಣಿಗೆ ಕಸದ ಹಾಗೆ ಅಂಟಿ ಕೂತಿದೆ. ಆಮೇಲೆ ಬಂದ ಕಾಗದದ ಲೋಟಗಳು, ಐವತ್ತರ ಕಟ್ಟು. ಏಳು ತಿಂಗಳಲ್ಲಿ ಎಷ್ಟು ಕಟ್ಟು ಮುಗಿಯಿತೋ. ಯಾರ ಕೈಯ ಗಂಜಿ ಗಂಡನ ಬಾಯಿಗೆ ಹೋಗಬಹುದಿತ್ತೋ ಅವಳ ಬಾಯಿ ಮುಟ್ಟಿದ ಲೋಟ ನನ್ನ ಸಿಂಕಿಗೆ ಬರುವ ಹಾಗಿರಲಿಲ್ಲ. ಅವರು ಒಂದು ದಿನ ಆ ಲೋಟವನ್ನು ನೋಡಿದರು, ಹೆಂಡತಿಯ ಮುಖ ನೋಡಿದರು, ಕಣ್ಣು ಮುಚ್ಚಿಕೊಂಡರು. ಮಾತು ಆಗಲೇ ನಿಂತುಹೋಗಿತ್ತು. ಆ ಕಣ್ಣು ಮುಚ್ಚಿಕೊಂಡದ್ದು ದಣಿವಿಗೆ ಎಂದು ನಾಲ್ಕು ವರ್ಷದಿಂದ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಾಳೆ.

"ಬಂತು ನೋಡಿ," ಎಂದ ಜೋಯಲ್.

ಜಾಗ ಅಷ್ಟೇನೂ ದೊಡ್ಡದಲ್ಲ. ಒಂದು ಹಳೆಯ ಅಥಲ್ ಮರ, ಸೂಜಿಯಂಥ ಎಲೆಯದು, ಅದರ ಕೆಳಗೆ ಸಾಲಾಗಿ ನಾಲ್ಕು ನಲ್ಲಿ. ಬಾಗಿಲು ಎಷ್ಟು ತಗ್ಗೆಂದರೆ ಜೋಯಲ್ ಎರಡು ಮಡಿಕೆಯಾಗಿ ಒಳಗೆ ಹೋದ. ಒಳಗೆ ತಂಪು, ಮಣ್ಣಿನ ಮತ್ತು ಏಲಕ್ಕಿಯ ವಾಸನೆ, ಅದರ ಹಿಂದೆ ಮಾಂಸದ ವಾಸನೆ. ಭಾಗೀರಥಮ್ಮ ಉಸಿರನ್ನು ಚಿಕ್ಕದಾಗಿ ಮಾಡಿಕೊಂಡಳು. ಗೋಡೆಯ ಗೂಡುಗಳಲ್ಲಿ ಹಿತ್ತಾಳೆಯ ಕೊಕ್ಕಿನ ಹೂಜಿಗಳು. ಮೇಲೆ ಖರ್ಜೂರದ ತೊಲೆಗಳು ಹೊಗೆ ಕುಡಿದು ಕಪ್ಪಾಗಿದ್ದವು. ಎಷ್ಟು ಜನ ಬಿಸಿಲಿನಿಂದ ಬಂದು ಇಲ್ಲಿ ಒರಗಿ ಕೂತಿರಬೇಕು, ಗೋಡೆ ಬೆನ್ನೆತ್ತರದಲ್ಲಿ ನುಣುಪಾಗಿತ್ತು. ಅಲ್ಲಿಗೆ ಬೆನ್ನು ಕೊಟ್ಟಾಗ ಅವಳಿಗೆ ಯಾರೋ ಹಿಡಿದುಕೊಂಡ ಹಾಗಾಯಿತು. ನಲವತ್ತು ವರ್ಷ ಈ ದೇಶದಲ್ಲಿದ್ದು ಮನೆ, ದೇವರ ಕೋಣೆ, ಭಾರತೀಯ ಅಂಗಡಿ, ಇಷ್ಟರಲ್ಲೇ ಸುತ್ತಿದೆನಲ್ಲ, ಹೋಗುವ ಮುಂಚೆ ಇದನ್ನು ತೋರಿಸಬೇಕು ಎಂದು ಒಬ್ಬಳಿಗೆ ಅನ್ನಿಸಿತಲ್ಲ.

ನಡುವಯಸ್ಸಿನ ತಾಹಿರ್ ಎಂಬ ಬಡಿಸುವವನು ಬಂದು ನೆಲದ ಮೇಲೆ ಹಾಳೆ ಹಾಸಿದ. "ಮಾಂಜೀ ಕೆಳಗೆ ಕೂರ್ತಾರಾ? ಕುರ್ಚಿ ತರ್ಲಾ?" ಎಂದು ಹಿಂದಿಯಲ್ಲಿ ಕೇಳಿದ. "ಕೆಳಗೇ ಕೂರ್ತೀನಿ ಭಾಯಿ. ಏಳಿಸೋಕೆ ಇವರಿದ್ದಾರೆ," ಎಂದಳು ಅವಳೂ ತನ್ನ ಹಿಂದಿಯಲ್ಲಿ. ಜೋಯಲ್ ಕೋಳಿ ಮಜ್ಬೂಸ್ ಅನ್ನ ಹೇಳಿದ. "ನಮಗಿಬ್ಬರಿಗೆ ಮಾಂಸ ಇಲ್ಲದ್ದು. ಅನ್ನ, ಬೇಳೆ, ತರಕಾರಿ ಮರಗ್. ಸೌಟು ಬೇರೆ, ಪಾತ್ರೆ ಬೇರೆ, ಫೋನಲ್ಲಿ ಹೇಳಿದ್ದೇನೆ ನಿಮ್ಮ ಮ್ಯಾನೇಜರ್‌ಗೆ," ಎಂದಳು ಒಲಿಂಡಾ. "ನೀನೂ ವೆಜ್ಜಾ?" ಎಂದಳು ಭಾಗೀರಥಮ್ಮ. "ನಿಮ್ಮ ಎದುರು ಕೂತು ಕೋಳಿ ಕಾಲು ಕಡೀಲಿಕ್ಕೆ ಆಗ್ತದಾ ಮಾರಾಯ್ರೆ. ಇವನನ್ನು ಅತ್ಲಾಗೆ ತಿರುಗಿಸಿ ಕೂರಿಸುವ."

ಇಲ್ಲಿಯ ಪದ್ಧತಿ ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ, ನೆನಪಿಗೆ ಬಂದಿರಲಿಲ್ಲ. ತಾಹಿರ್ ಜೋಯಲ್‌ನ ಮುಂದೊಂದು ಹರಿವಾಣ ಇಟ್ಟ. ಅವರಿಬ್ಬರ ನಡುವೆ ಇನ್ನೊಂದು, ಬಂಡಿಯ ಚಕ್ರದಷ್ಟು ಅಗಲದ್ದು: ಬಿಳಿಯ ಅನ್ನದ ದಿಬ್ಬ, ಅದರ ಮೇಲೆ ಹುರಿದ ಈರುಳ್ಳಿ, ದ್ರಾಕ್ಷಿ, ಸುತ್ತ ಕುಂಬಳಕಾಯಿ ಬದನೆಕಾಯಿ ಬೆಂದ ಮರಗ್ ಸಾರು. ಒಂದೇ ಹರಿವಾಣ. ಅದರಿಂದಲೇ ಇಬ್ಬರೂ ತಮ್ಮ ತಮ್ಮ ಕಡೆಯಿಂದ ಕೈ ಹಾಕುತ್ತ ನಡುವಿಗೆ ಬರಬೇಕು. "ಖುಷಿಯಿಂದ ಊಟ ಮಾಡಿ," ಎಂದು ತಾಹಿರ್ ಹೋದ. ಭಾಗೀರಥಮ್ಮ ಬಲಗೈ ಎತ್ತಿದಳು. ಇದೇ ಹೊತ್ತು, ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು. ಯಾವ ಮಾತೂ ಬೇಡ, ಒಂದು ತುತ್ತು ಕಲಸಿದರೆ ಸಾಕು, ಹೇಳಬೇಕಾದದ್ದೆಲ್ಲ ಹೇಳಿದ ಹಾಗೆ. ಕೈ ಅನ್ನದ ಮೇಲೆ ಬಂತು. ಹಬೆ ಬೆರಳಿಗೆ ತಾಗಿತು. ಅಲ್ಲಿ ನಿಂತಿತು. ಅವಳು ನಿಲ್ಲಿಸಲಿಲ್ಲ, ಅದೇ ನಿಂತಿತು, ಬಾಗಿಲಲ್ಲಿ ಕಾಫಿ ಹಿಡಿದು ನಿಂತ ಹಾಗೆ. ಒಂದು ಉಸಿರು, ಎರಡು ಉಸಿರು. ಇನ್ನೊಂದು ಉಸಿರಿಗೆ ಕೈ ಕೆಳಗಿಳಿಯುತ್ತಿತ್ತೋ, ಚೀಲದ ಡಬ್ಬಿಯ ಕಡೆ ಸರಿಯುತ್ತಿತ್ತೋ, ಅದು ಅವಳಿಗೆ ಇನ್ನು ಯಾವತ್ತೂ ತಿಳಿಯುವಂತಿಲ್ಲ. ಏಕೆಂದರೆ ಅಷ್ಟರಲ್ಲಿ ಒಲಿಂಡಾ, "ಅಯ್ಯೋ, ತಡೀರಿ ಅಮ್ಮ, ನನ್ನ ಮಂಡೆಯೇ," ಎಂದು ತನ್ನ ದೊಡ್ಡ ಚೀಲವನ್ನು ಎಳೆದುಕೊಂಡು, ಬಿಳಿಯ ಬಟ್ಟೆಯಲ್ಲಿ ಸುತ್ತಿದ್ದ ಏನನ್ನೋ ತೆಗೆದು ಬಿಚ್ಚಿದಳು.

ಅಂಚು ಎತ್ತರದ ಸ್ಟೀಲ್ ತಟ್ಟೆ. ತಿರುವಿ ನೋಡಬೇಕಾಗಿರಲಿಲ್ಲ, ಅಂಚಿನ ಸಣ್ಣ ನೆಗ್ಗು ಸಾಕು. ಆದರೂ ಒಲಿಂಡಾ ಬಟ್ಟೆಯಿಂದ ಒರೆಸುತ್ತ ಅದನ್ನು ತಿರುವಿದಳು, ಕೆಂಪು ಚುಕ್ಕೆ ಒಮ್ಮೆ ಬೆಳಕಿಗೆ ಬಂದು ಹೋಯಿತು. ಭಾಗೀರಥಮ್ಮನ ಕಿವಿ ಬಿಸಿಯಾಯಿತು. ಹಾಗಾದರೆ ಇದಕ್ಕೆ ಕರೆದುಕೊಂಡು ಬಂದಳು. ಇಷ್ಟು ವರ್ಷ ಕಾದು, ಊರು ಬಿಡುವ ಮೂರು ದಿನ ಮುಂಚೆ, ಅಳಿಯನ ಎದುರಿಗೆ, ನಿಮ್ಮ ತಟ್ಟೆ ನಿಮಗೆ ಎಂದು. ಕೊಡಲಿ. ತಪ್ಪೇನಿದೆ? ನನಗೆ ಸಲ್ಲಬೇಕಾದದ್ದೇ. ಅವಳು ತಲೆ ತಗ್ಗಿಸಿ ಕಾದಳು, ಮಾಸ್ತರ ಬೆತ್ತಕ್ಕೆ ಅಂಗೈ ಚಾಚಿ ನಿಂತ ಮಕ್ಕಳ ಹಾಗೆ. ಒಳಗೆ ಎಲ್ಲೋ ಹಗುರವೂ ಆಗುತ್ತಿತ್ತು.

"ಇದರಲ್ಲಿ ಉಣ್ಣಿ ನೀವು," ಎಂದಳು ಒಲಿಂಡಾ. "ಹೋಟ್ಲಿನವರು ಎಷ್ಟು ತೊಳೆದ್ರೂ ಅದರಲ್ಲಿ ನಿನ್ನೆ ಕುರಿ ಇತ್ತಾ, ಮೊನ್ನೆ ಒಂಟೆ ಇತ್ತಾ, ಯಾರಿಗೆ ಗೊತ್ತು? ನಿಮಗೆ ಗಂಟಲಲ್ಲಿ ಇಳೀಲಿಕ್ಕಿಲ್ಲ ಅಂತ ನಾನೇ ತಂದೆ. ಇದು ಚೊಕ್ಕ ಉಂಟಮ್ಮ. ಇದರಲ್ಲಿ ಮೀನು, ಮಾಂಸ, ಮೊಟ್ಟೆ ಬಿದ್ದದ್ದೇ ಇಲ್ಲ. ನಿಮ್ಮಲ್ಲಿರುವಾಗ ಹೇಗೂ ಇಲ್ಲ. ಆಮೇಲೂ ನಾನು ಬಿಡ್ಲಿಲ್ಲ."

"ಮಮ್ಮಿಯ ಉಪವಾಸದ ತಟ್ಟೆ ಆಂಟಿ ಅದು," ಎಂದ ಜೋಯಲ್ ಬಾಯಲ್ಲಿ ಅನ್ನ ಇಟ್ಟುಕೊಂಡು. "ಈಸ್ಟರಿಗೆ ಮೊದಲು ನಲವತ್ತು ದಿನ ಅವರ ಊಟ ಅದರಲ್ಲೇ. ಒಂದ್ಸಲ ನಾನು ಗೊತ್ತಿಲ್ಲದೆ ಬಂಗುಡೆ ಹಾಕ್ಲಿಕ್ಕೆ ಹೋದೆ. ಅಬ್ಬಾ! ಮದುವೆಯಾಗಿ ಹದಿನೈದು ದಿನ ಆಗಿರ್ಲಿಲ್ಲ, ಆ ಬೈಗುಳ ಇನ್ನೂ ಕಿವೀಲುಂಟು."

"ಬೈಯದೆ ಮತ್ತೆ? ಅಮ್ಮ ಕೊಟ್ಟದ್ದು ಅಂತ ಇಟ್ಕೊಂಡಿದ್ದೇನೆ, ಇವನಿಗೆ ಬಂಗುಡೆ!"

ತಟ್ಟೆ ಭಾಗೀರಥಮ್ಮನ ಮುಂದಿತ್ತು. ಒಲಿಂಡಾ ಸೌಟಿನಿಂದ ಅನ್ನ ಬಡಿಸಿದಳು, ನಡುವೆ ಗುಂಡಿ ಮಾಡಿ ಬೇಳೆ ಹಾಕಿದಳು, ಅಂಚಿಗೆ ಟೊಮ್ಯಾಟೊ ದಕ್ಕೂಸ್ ಚಟ್ನಿ. ಆ ಗುಂಡಿ ಮಾಡುವುದನ್ನು ಅವಳು ಕಲಿತದ್ದು ಭಾಗೀರಥಮ್ಮನ ಮನೆಯಲ್ಲೇ. ಭಾಗೀರಥಮ್ಮ ಕಲಸಿ ತುತ್ತೆತ್ತಿದಳು. ಹತ್ತೊಂಬತ್ತು ವರ್ಷ ಫಿನಾಯಿಲಿನ ಪಕ್ಕ ಬೋರಲು ಮಲಗಿದ್ದ ತಟ್ಟೆ, ಯಾವುದನ್ನು ಮುಟ್ಟಿದರೆ ಬೂದಿ ಹಾಕಿ ಕೈ ತೊಳೆಯುವ ಹಾಗಿತ್ತೋ ಆ ತಟ್ಟೆ, ಅವಳ ಮನೆಯ ಎಲ್ಲ ತಟ್ಟೆಗಳಿಗಿಂತ ಮಡಿಯಾಗಿ ಉಳಿದಿತ್ತು. ಅವಳ ಮನೆಯ ತಟ್ಟೆಗಳಲ್ಲಿ ಧನಂಜಯ ಕಾಲೇಜಿನ ದಿನಗಳಿಂದ ಕದ್ದು ಏನೇನು ತಿಂದಿದ್ದನೋ, ಅದು ಅವಳಿಗೆ ಗೊತ್ತಿದ್ದೂ ಗೊತ್ತಿಲ್ಲದ ಸಂಗತಿ. ತುತ್ತು ಬಾಯೊಳಗೆ ಹೋಯಿತು. ಬೇಳೆಯಲ್ಲಿ ಒಣ ನಿಂಬೆಯ ಹುಳಿ ಇತ್ತು. ರುಚಿಯಾಗಿತ್ತು. ಕಣ್ಣು ತುಂಬಿದ್ದು ಚಟ್ನಿಯ ಖಾರಕ್ಕೆ ಎನ್ನಬಹುದು; ಖಾರವೂ ಇತ್ತು.

"ಇನ್ನು ಆ ಮೊಸರನ್ನ ತೆಗೀರಿ ಅಮ್ಮ," ಎಂದಳು ಒಲಿಂಡಾ.

"ಯಾವ..."

"ಕಾರಲ್ಲಿ ಕೂತ ಕೂಡ್ಲೇ ಇಂಗಿನ ವಾಸನೆ ಬಂತು. ನಿಮ್ಮ ಒಗ್ಗರಣೆ ನನಗೆ ಗೊತ್ತಾಗುದಿಲ್ವಾ?"

ಜೋಯಲ್ ಜೋರಾಗಿ ನಕ್ಕ. ಭಾಗೀರಥಮ್ಮನ ಮುಖ ಮೊದಲು ಸುಟ್ಟ ಹಾಗಾಯಿತು, ಆಮೇಲೆ ಅವಳೂ ನಕ್ಕಳು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಮೈಯೆಲ್ಲ ಅಲುಗುವ ಹಾಗೆ. ಗಂಡ ಹೋದ ಮೇಲೆ ಹೀಗೆ ನಕ್ಕ ನೆನಪಿರಲಿಲ್ಲ. ಟವೆಲು, ಮಾತ್ರೆ, ಶಾಲು ಎಲ್ಲ ಹೊರಗೆ ಬಂದು ಡಬ್ಬಿ ಬಾಯಿ ತೆರೆಯಿತು. ಜೋಯಲ್ ಕೋಳಿಯ ಹರಿವಾಣವನ್ನು ಹಾಗೇ ಚಾಚಿದ, "ನನಗೂ ಆಂಟಿ!" ಅವಳು ಒಂದು ಕ್ಷಣ ಆ ಎಲುಬುಗಳ ರಾಶಿಯನ್ನು ನೋಡಿದಳು. "ಹಾಳಾಗ್ಹೋಗು ಕಣೋ," ಎಂದು, ತಾಗದ ಎತ್ತರದಿಂದ, ಒಂದು ಚಮಚ ಮೊಸರನ್ನವನ್ನು ಅದರ ಮೇಲೆ ಬೀಳಿಸಿದಳು. ಒಲಿಂಡಾಳಿಗೆ ಹರಿವಾಣದ ಅವಳ ಕಡೆಯ ಅಂಚಿಗೆ ಎರಡು ಚಮಚ. "ಉಪ್ಪು ಸ್ವಲ್ಪ ಕಮ್ಮಿ," ಎಂದಳು ಒಲಿಂಡಾ. "ಸಾರ್‌ಗೆ ಬಿಪಿ ಅಂತ ಆಗ ಕಮ್ಮಿ ಮಾಡಿದ್ದು, ನೀವು ಹಾಗೇ ಮುಂದರಿಸಿದ್ದೀರಿ." ಹೌದಲ್ಲ, ಎಂದುಕೊಂಡಳು ಭಾಗೀರಥಮ್ಮ. ಇದು ನನಗೇ ಗೊತ್ತಿರಲಿಲ್ಲ.

ಊಟವಾಯಿತು. ಒಲಿಂಡಾ ತಟ್ಟೆಗೆ ಕೈ ಚಾಚಿದಳು. "ಬಿಡು, ನಾನೇ," ಎಂದು ಭಾಗೀರಥಮ್ಮ ಅದನ್ನು ಹಿಡಿದುಕೊಂಡೇ ಗೋಡೆಗೆ ಇನ್ನೊಂದು ಕೈ ಕೊಟ್ಟು ಎದ್ದಳು. "ನಿಮ್ಮ ಮಂಡಿ ನೋವು, ಕೊಡಿ ಇತ್ಲಾಗೆ." "ಬಿಡು ಅಂದ್ನಲ್ಲ." ದನಿ ಗಟ್ಟಿಯಾಯಿತು, ಹಳೆಯ ಯಜಮಾನಿಯ ದನಿ. ಒಲಿಂಡಾ ಸುಮ್ಮನೆ ಹಿಂದೆ ಬಂದಳು. ಅಥಲ್ ಮರದ ಕೆಳಗೆ ನಲ್ಲಿ ತಿರುಗಿಸಿದರೆ ಮೊದಲು ಬಿಸಿನೀರು, ಆಮೇಲೆ ತಣ್ಣಗಿನದು. ಹತ್ತೊಂಬತ್ತು ವರ್ಷ ಈ ತಟ್ಟೆಯನ್ನು ಒಲಿಂಡಾ ಎಲ್ಲ ಪಾತ್ರೆ ಮುಗಿದ ಮೇಲೆ, ಕೊನೆಗೆ, ಬೇರೆ ನಾರಿನಲ್ಲಿ ತೊಳೆಯುತ್ತಿದ್ದಳು. ಭಾಗೀರಥಮ್ಮ ಬರಿಗೈಯಲ್ಲಿ ಉಜ್ಜಿದಳು. ಒಳಗೆ ಉಜ್ಜಿದಳು, ಅಂಚು ಉಜ್ಜಿದಳು, ನೆಗ್ಗನ್ನು ಬೆರಳಲ್ಲಿ ತಡವಿದಳು, ತಿರುವಿದಳು. ಚುಕ್ಕೆಯ ಬಣ್ಣ ಅಂಚಿನಲ್ಲಿ ಎದ್ದಿತ್ತು. ಹೆಬ್ಬೆರಳಿನ ಉಗುರನ್ನು ಅದಕ್ಕೆ ಕೊಟ್ಟು ಕೆರೆದಳು; ಒಂದು ಚೂರು ಉದುರಿತು.

"ಅದನ್ನು ತೆಗೀಬೇಡಿ ಅಮ್ಮ," ಎಂದಳು ಒಲಿಂಡಾ. ಜೋರಾಗಿ ಅಲ್ಲ. "ಗುರುತು ಬೇಕಲ್ಲ. ಇಲ್ಲದಿದ್ರೆ ನಮ್ಮನೆಯ ಬೇರೆ ತಟ್ಟೆಗಳ ಜೊತೆ ಸೇರಿ ಹೋಗ್ತದೆ."

ಭಾಗೀರಥಮ್ಮ ಅವಳ ಮುಖ ನೋಡಿದಳು. ಬೆಳಿಗ್ಗೆಯಿಂದ ಮೊದಲ ಸಲ ನೇರವಾಗಿ. ಕಣ್ಣ ಸುತ್ತ ಸುಕ್ಕು, ಎಡ ಹುಬ್ಬಿನಲ್ಲಿ ಒಂದೇ ಒಂದು ಬಿಳಿ ಕೂದಲು. ಅಲ್ಲಿ ಏನೂ ಬಚ್ಚಿಟ್ಟಿರಲಿಲ್ಲ. ತಿಳಿಯದ ಪೆದ್ದುತನವೂ ಇರಲಿಲ್ಲ.

"ಒಲಿಂಡಾ, ಆ ಪೇಪರ್ ಲೋಟ," ಎಂದಳು. ಮುಂದಕ್ಕೆ ಬರಲಿಲ್ಲ.

"ಗೊತ್ತುಂಟಮ್ಮ." ಒಲಿಂಡಾ ಮರದ ಕಡೆ ನೋಡಿದಳು. "ಕಾಫಿ ಒಳ್ಳೇದಿತ್ತು."

ನಲ್ಲಿ ಸುರಿಯುತ್ತಲೇ ಇತ್ತು. ಭಾಗೀರಥಮ್ಮ ತಟ್ಟೆಯನ್ನು ಸೆರಗಿನಲ್ಲಿ ಒರೆಸಿದಳು, ರೇಷ್ಮೆಯ ಸೆರಗು, ನೀರು ಹೀರುವುದಿಲ್ಲ, ಆದರೂ ಒರೆಸಿದಳು. ಒಲಿಂಡಾ ಬಿಳಿಯ ಬಟ್ಟೆ ಬಿಚ್ಚಿ ಹಿಡಿದಿದ್ದಳು, ಅದರಲ್ಲಿ ಇಟ್ಟಳು. ಮಗುವನ್ನು ಸುತ್ತುವ ಹಾಗೆ ಒಲಿಂಡಾ ನಾಲ್ಕೂ ಕಡೆ ಮಡಿಸಿದಳು.

"ಮೇ ತಿಂಗಳಲ್ಲಿ ಊರಿಗೆ ಬರ್ತೇನೆ," ಎಂದಳು. "ಶರ್ಲಿನ್ ಟಿಕೆಟ್ ಮಾಡಿದ್ದಾಳೆ. ಮೈಸೂರಿಗೂ ಬಂದು ನಿಮ್ಮನ್ನು ನೋಡಿ ಹೋಗ್ತೇನೆ. ಒಂದು ಮಧ್ಯಾಹ್ನ ಊಟ ನಿಮ್ಮಲ್ಲಿ. ಇದನ್ನೂ ಹಿಡ್ಕೊಂಡು ಬರ್ತೇನೆ, ನಿಮ್ಮ ತಂಗಿಗೆ ಕಷ್ಟ ಬೇಡ."

"ತರಬೇಡ," ಎಂದಳು ಭಾಗೀರಥಮ್ಮ.

ಒಲಿಂಡಾಳ ಕೈ ಬಟ್ಟೆಯ ಗಂಟಿನ ಮೇಲೆ ನಿಂತಿತು.

"ಬರಿಗೈಲಿ ಬಾ. ನಮ್ಮನೇಲಿ ತಟ್ಟೆಗಳಿವೆ."

ಒಲಿಂಡಾ ಸುರಿಯುತ್ತಿದ್ದ ನಲ್ಲಿಯನ್ನು ಬಗ್ಗಿ ನಿಲ್ಲಿಸಿದಳು. ಆಮೇಲೆ, ಯಾವಾಗಲೂ ಮಾಡುವ ಹಾಗೆ, ತೊಟ್ಟಿಕ್ಕುತ್ತಿದೆಯೇ ಎಂದು ನೋಡಲು ಅದರ ಬಾಯಿಗೆ ಅಂಗೈ ಹಿಡಿದು ಸ್ವಲ್ಪ ಹೊತ್ತು ನಿಂತಳು.